ಮನೆ ಕಾಯುವವರಿಗೂ ಜಾತ್ರೆ ಬೇಡವೇ?

(ನಮ್ಮ ಸಂಘದ ರಜತ ಮಹೋತ್ಸವದ ಎರಡನೆಯ ದಿನ ಮಧ್ಯಾಹ್ನ ನಡೆದ ಗೋಷ್ಠಿಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಬರಹರೂಪ)



ನಾನು ಭಾಷಣಕಾರನಲ್ಲ. ಎಸ್.ಎಸ್.ಎಲ್.ಸಿ. ಮುಗಿಸಿ ನೇಗಿಲು ಹಿಡಿದವನು. ರಾಗಿ, ಜೋಳ, ನಾಲ್ಕು ಹಸು, ಇಷ್ಟೇ ನನ್ನ ಬದುಕು. ನನಗೆ ಕೊಟ್ಟಿರುವ ವಿಷಯ "ಅಂಗವಿಕಲರ ಮನರಂಜನೆ ಮತ್ತು ನಮ್ಮ ಊರಿನ ಜವಾಬ್ದಾರಿ". ಸಭೆಯಲ್ಲಿ ಈ ವಿಷಯ ಓದಿದಾಗ ನಮ್ಮ ನಿರ್ದೇಶಕರಲ್ಲೇ ಒಬ್ಬರು ನಕ್ಕುಬಿಟ್ಟರು. "ಮೇವು, ಕೆಚ್ಚಲು ಬಾವು, ಹಾಲಿನ ದರ ಇಷ್ಟೆಲ್ಲ ಇರುವಾಗ ಆಟಪಾಟದ ಮಾತು ಯಾತಕ್ಕಪ್ಪ?" ಅಂದರು. ಅವರು ಇಲ್ಲೇ ಮುಂದಿನ ಸಾಲಿನಲ್ಲಿ ಕೂತಿದ್ದಾರೆ. ಅವರ ಪ್ರಶ್ನೆ ತಪ್ಪಲ್ಲ. ನಾಲ್ಕು ವರ್ಷದ ಹಿಂದೆ ಯಾರಾದರೂ ಕೇಳಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಆದುದರಿಂದ ಊರಿನವರ ತಪ್ಪು ಹೇಳುವುದಕ್ಕೆ ಮುಂಚೆ ನನ್ನ ಮನೆಯ ತಪ್ಪನ್ನೇ ಹೇಳಿಕೊಂಡು ಶುರು ಮಾಡುತ್ತೇನೆ.

ನಮ್ಮ ಅಣ್ಣ ನಿಮಗೆಲ್ಲ ಗೊತ್ತು. ಎರಡು ವರ್ಷದ ಮಗುವಾಗಿದ್ದಾಗ ಜ್ವರ ಬಂದು ಎರಡೂ ಕಾಲು ಸೋತವು. ಆಗ ನಮ್ಮ ಕಡೆ ಪೋಲಿಯೋ ಹನಿ ಅನ್ನುವ ಹೆಸರೂ ಕೇಳಿರಲಿಲ್ಲ. ದೇಶದಲ್ಲಿ ಪಲ್ಸ್ ಪೋಲಿಯೋ ಶುರುವಾದದ್ದು 1995ರಲ್ಲಿ. 2014ರಲ್ಲಿ ನಮ್ಮ ದೇಶ ಪೋಲಿಯೋಮುಕ್ತ ಎಂದು ವಿಶ್ವ ಆರೋಗ್ಯ ಸಂಸ್ಥೆ ಪ್ರಮಾಣೀಕರಿಸಿತು. ಬಹಳ ಸಂತೋಷದ ಸಂಗತಿ. ಆದರೆ ಅದಕ್ಕೆ ಮುಂಚೆ ಕಾಲು ಕಳೆದುಕೊಂಡವರು ಎಲ್ಲಿಗೂ ಹೋಗಿಲ್ಲ. ಅವರೆಲ್ಲ ಈಗ ನಡುವಯಸ್ಸಿನವರಾಗಿ ನಮ್ಮ ನಿಮ್ಮ ಮನೆಯ ಜಗಲಿ ಮೇಲೆ ಕೂತಿದ್ದಾರೆ.

ಅಣ್ಣ ಕೈಮಿಷನ್ನಿನಲ್ಲಿ ಬಟ್ಟೆ ಹೊಲಿಯುತ್ತಾನೆ. ಜಾತ್ರೆ ಬಂತೆಂದರೆ ಹದಿನೈದು ದಿನ ಅವನಿಗೆ ಊಟಕ್ಕೂ ಬಿಡುವಿಲ್ಲ. ಊರಿನ ಅರ್ಧ ಮಕ್ಕಳ ಲಂಗ, ಅಂಗಿ, ಚಡ್ಡಿ ಅವನ ಕೈಯಲ್ಲೇ ಆಗಬೇಕು. ತೇರಿನ ದಿನ ಬೆಳಗ್ಗೆ ಅವನು ಹೊಲಿದ ಬಟ್ಟೆ ಹಾಕಿಕೊಂಡು ನಾವೆಲ್ಲ ದೇವಸ್ಥಾನಕ್ಕೆ ಹೊರಡುತ್ತಿದ್ದೆವು. ನಮ್ಮವ್ವ ಹೊಸಿಲು ದಾಟುವಾಗ ಹೇಳುತ್ತಿದ್ದಳು, "ಮನೆ ಕಡೆ ನೋಡ್ಕೊ ಮಗಾ, ಬರ್ತಾ ಕಡ್ಲೆಪುರಿ, ಬೆಂಡು ಬತ್ತಾಸು ತರ್ತೀವಿ." ಅವನು "ಹೂಂ ಕಣವ್ವ, ಹೋಗ್ಬನ್ನಿ" ಅನ್ನುತ್ತಿದ್ದ. ಹೀಗೆ ನಲವತ್ತು ತೇರು ಕಳೆದವು. ಮನೆ ಕಾಯಲು ಅಣ್ಣ ಇದ್ದಾನಲ್ಲ ಅಂತ ನಾವು ನಿಶ್ಚಿಂತೆಯಾಗಿ ಹೋಗಿ ಬರುತ್ತಿದ್ದೆವು. "ಅವನಿಗೆ ಜನಜಂಗುಳಿ ಆಗಿಬರಲ್ಲ" ಅಂತ ನಾವೇ ಅಂದುಕೊಂಡೆವು. ಅವನನ್ನು ಒಂದು ಸಲವಾದರೂ ಕೇಳಲಿಲ್ಲ.

ಅವನಿಗೆ ಯಾವತ್ತೂ ಊಟಕ್ಕೆ ಕಡಿಮೆ ಮಾಡಿಲ್ಲ. ಮಾಸಾಶನ ಬರುತ್ತದೆ, ದುಡಿಮೆ ಇದೆ. ಇದಕ್ಕಿಂತ ಇನ್ನೇನು ಬೇಕು ಅನ್ನುವುದು ನನ್ನ ಲೆಕ್ಕವಾಗಿತ್ತು. ಮನುಷ್ಯನಿಗೆ ನಗು ಬೇಕು, ನಾಲ್ಕು ಜನರ ಜೊತೆ ಕೂರುವುದು ಬೇಕು, ಸೋಲುಗೆಲುವು ಬೇಕು ಅನ್ನುವುದು ಆ ಲೆಕ್ಕದಲ್ಲಿ ಇರಲೇ ಇಲ್ಲ.

ಈಗ ನಮ್ಮ ಸಂಘದ ತಪ್ಪಿಗೆ ಬರುತ್ತೇನೆ. ಡಿಸೆಂಬರ್ 3ನೇ ತಾರೀಖನ್ನು 1992ರಿಂದ ವಿಶ್ವ ಅಂಗವಿಕಲರ ದಿನ ಎಂದು ಆಚರಿಸುತ್ತಾರೆ. 2021ರಲ್ಲಿ ಆ ದಿನ ನಾವೂ ಒಂದು ಕ್ರೀಡಾಕೂಟ ಮಾಡಿದೆವು. ಮುಂದೆ ನಿಂತು ಓಡಾಡಿದವನು ನಾನೇ. ಶಾಮಿಯಾನ ಹಾಕಿಸಿದೆವು, ಮೈಕ್ ಸೆಟ್ಟು ತರಿಸಿದೆವು. ಬೆಳಗ್ಗೆ 10 ಗಂಟೆಗೆ ಬಂದವರನ್ನು ಅತಿಥಿಗಳು ಬರುವವರೆಗೆ ಕೂರಿಸಿದೆವು. ಅತಿಥಿಗಳು 12ಕ್ಕೆ ಬಂದರು. ಎರಡು ಗಂಟೆ ಭಾಷಣವಾಯಿತು. ಹೆಂಗಸರು ಕೊಟ್ಟ ನೀರನ್ನೂ ಕುಡಿಯದೆ ಕೂತಿದ್ದರು. ಯಾಕೆಂದರೆ ಅವರು ಹೋಗಿ ಬರಬಹುದಾದ ಶೌಚಾಲಯ ಹತ್ತಿರದಲ್ಲಿ ಇರಲಿಲ್ಲ. ಅದು ನಮಗೆ ಹೊಳೆದಿರಲೇ ಇಲ್ಲ. ಡೇರಿಯ ನಾಲ್ಕು ಮೆಟ್ಟಿಲು ಹತ್ತಲಾಗದವರನ್ನು ಹುಡುಗರು ರಾಗಿ ಮೂಟೆ ಎತ್ತಿದ ಹಾಗೆ ಎತ್ತಿ ಇಳಿಸಿದರು. ಫೋಟೋ ತೆಗೆಸಿಕೊಂಡದ್ದೂ ಆಯಿತು.

ಆಮೇಲೆ ಆಟ. ನಿಂಬೆಹಣ್ಣು ಚಮಚ, ಬಕೆಟ್ಟಿಗೆ ಚೆಂಡು ಹಾಕುವುದು. ಅಣ್ಣನ ಸರದಿ ಬಂತು. ಅವನು ಚೆಂಡನ್ನು ಕೈಯಲ್ಲಿ ಹಿಡಿದುಕೊಂಡ, ಎಸೆಯಲಿಲ್ಲ. ಸಂಜೆ ಮನೆಗೆ ಬಂದ ಮೇಲೆ ನನ್ನನ್ನು ಕರೆದು ಹೇಳಿದ, "ನಂಗೆ ಐವತ್ತು ವರ್ಷ ಕಣ್ಲಾ. ಬಕೆಟ್ಟಿಗೆ ಚೆಂಡು ಹಾಕಿದ್ರೆ ಚಪ್ಪಾಳೆ ತಟ್ಟೋಕೆ ನಾನೇನು ಅಂಗನವಾಡಿ ಮಗುವಾ?" ನನಗೆ ಸಿಟ್ಟು ಬಂತು. ಇಷ್ಟೆಲ್ಲ ಖರ್ಚು ಮಾಡಿ ಮಾಡಿದ್ದಕ್ಕೆ ಈ ಮಾತೇ ಅನ್ನಿಸಿತು. "ಹಾಗಾದ್ರೆ ನಿಂಗೇನು ಬೇಕು ಹೇಳು" ಅಂತ ರೇಗಿದೆ. ಅವನು ಏನೂ ಹೇಳದೆ ಮಿಷನ್ನು ತಿರುಗಿಸತೊಡಗಿದ.

ಉತ್ತರ ಬಂದದ್ದು ಎಂಟು ತಿಂಗಳ ಮೇಲೆ. 2022ರ ಮಳೆ ನೆನಪಿದೆಯಲ್ಲ? ನಮ್ಮ ದೊಡ್ಡಕೆರೆ ತುಂಬಿ ಕೋಡಿ ಬಿತ್ತು. ಊರಿಗೆ ಊರೇ ನೋಡಲು ಹೋಯಿತು. ಹೆಂಗಸರು ಬಾಗಿನ ಬಿಟ್ಟರು. ನಾನು ಮನೆಗೆ ಬಂದು ಕೋಡಿ ಹೇಗೆ ಹರಿಯುತ್ತಿದೆ ಅಂತ ವರ್ಣನೆ ಮಾಡುತ್ತಿದ್ದೆ. ಅಣ್ಣ ಕತ್ತರಿ ಕೆಳಗಿಟ್ಟು ಕೇಳಿದ, "ನನ್ನನ್ನೂ ಒಂದ್ಸಲ ಕರ್ಕೊಂಡು ಹೋಗ್ತೀಯೇನ್ಲಾ?"

ಕೆರೆ ನಮ್ಮ ಮನೆಯಿಂದ ಒಂದು ಮೈಲಿ ದೂರ. ಮಾರನೆಯ ದಿನ ಲಗೇಜು ಆಟೋ ಹಿಡಿದು, ಹಿಂದೆ ಕಂಬಳಿ ಹಾಸಿ ಕರೆದುಕೊಂಡು ಹೋದೆ. ಕೋಡಿಕಲ್ಲಿನ ಹತ್ತಿರ ಕೂರಿಸಿದೆ. ಬೆಳಗ್ಗೆ ಕೂತವನು ಸಂಜೆ ಹಾಲು ಕರೆಯುವ ಹೊತ್ತಾದರೂ ಏಳುವ ಮಾತಾಡಲಿಲ್ಲ. ವಾಪಸು ಬರುವಾಗ ಒಂದೇ ಮಾತು ಕೇಳಿದ. "ಕೋಡಿ ಪಕ್ಕ ಇದ್ದ ಹೊಂಗೆಮರ ಯಾವಾಗ ಬಿತ್ತು?" ಆ ಮರ ಬಿದ್ದು ಹದಿನೈದು ವರ್ಷವಾಗಿತ್ತು. ಊರಿಗೆಲ್ಲ ಗೊತ್ತಿತ್ತು. ಊರಲ್ಲೇ ಹುಟ್ಟಿ ಊರಲ್ಲೇ ಇರುವ ಅವನಿಗೆ ಗೊತ್ತಿರಲಿಲ್ಲ.

ಆವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಮಹನೀಯರೇ, ಇಂಥವರು ನಮ್ಮ ಮನೆಯಲ್ಲಿ ಒಬ್ಬನೇ ಅಲ್ಲ. 2011ರ ಜನಗಣತಿಯ ಪ್ರಕಾರ ದೇಶದಲ್ಲಿ 2.68 ಕೋಟಿ ಅಂಗವಿಕಲರಿದ್ದರು. ಅದರಲ್ಲಿ ಸುಮಾರು 1.86 ಕೋಟಿ ಜನ ನಮ್ಮಂಥ ಹಳ್ಳಿಗಳವರು. ಕರ್ನಾಟಕದಲ್ಲಿ 13 ಲಕ್ಷಕ್ಕೂ ಮೇಲೆ. ಆಗ ಎಂಟು ಬಗೆಯ ವಿಕಲತೆ ಮಾತ್ರ ಲೆಕ್ಕಕ್ಕೆ ಬಂದಿತ್ತು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆ 21 ಬಗೆಗಳನ್ನು ಹೇಳುತ್ತದೆ.

ನಮ್ಮ ಸಂಘಕ್ಕೆ ಹಾಲು ಬರುವ ಮೂರು ಊರುಗಳಲ್ಲಿ ನಾವೇ ಮನೆಮನೆಗೆ ಹೋದೆವು. ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತೆ ನಮ್ಮ ಜೊತೆ ಬಂದರು. ಅವರ ಪುಸ್ತಕದಲ್ಲಿ ಎಲ್ಲರ ಹೆಸರೂ ಇತ್ತು, ಕಾರ್ಡು, ಮಾಸಾಶನ, ಸಲಕರಣೆಯ ವಿವರವೂ ಇತ್ತು. ನಾವು ಕೇಳಿದ್ದು ಒಂದೇ ಹೊಸ ಪ್ರಶ್ನೆ: "ಆಸ್ಪತ್ರೆ, ಬ್ಯಾಂಕು, ಕಚೇರಿ ಬಿಟ್ಟು ಸುಮ್ಮನೆ ಸಂತೋಷಕ್ಕೆ ಅಂತ ಕೊನೇ ಸಲ ಯಾವಾಗ ಮನೆಯಿಂದ ಹೊರಗೆ ಹೋಗಿದ್ರಿ?" 31 ಜನರಲ್ಲಿ ಹಿಂದಿನ ಜಾತ್ರೆಗೆ ಬಂದಿದ್ದವರು 9 ಜನ. ಒಬ್ಬ ಹೆಣ್ಣುಮಗಳು ತನ್ನ ಅಕ್ಕನ ಮದುವೆ ಅಂದಳು. ಆ ಅಕ್ಕನ ಮಗ ಈಗ ಕಾಲೇಜಿಗೆ ಹೋಗುತ್ತಾನೆ. ಬುದ್ಧಿ ಬೆಳವಣಿಗೆ ಕಡಿಮೆಯಿರುವ ಒಂದು ಹುಡುಗಿಯ ತಾಯಿ, "ಅವಳು ಹೋಗದ ಕಡೆ ನಾನೂ ಹೋಗಿಲ್ಲ ಕಣಣ್ಣ" ಅಂದರು. ಮನೆಯಲ್ಲಿ ಕೂತವರು ಒಬ್ಬರಾದರೆ ಅವರ ಜೊತೆ ಕೂತವರು ಇನ್ನೊಬ್ಬರು. ಆ ಇನ್ನೊಬ್ಬರು ಹೆಚ್ಚಾಗಿ ತಾಯಂದಿರೇ.

ಇದಾದ ಮೇಲೆ 2023ರ ಜನವರಿಯಿಂದ ಪ್ರತಿ ತಿಂಗಳು ಎರಡನೆಯ ಭಾನುವಾರ ಮಧ್ಯಾಹ್ನ 3ರಿಂದ 5ರವರೆಗೆ ಡೇರಿ ಹಾಲಿನಲ್ಲಿ ಸೇರುತ್ತಿದ್ದೇವೆ. ಹಾಲು ಅಂದರೆ ಕುಡಿಯುವ ಹಾಲಲ್ಲ, ಸಭೆಯ ಹಾಲು. ಸಂಜೆ ಹಾಲು ತರುವ ಹೊತ್ತಿಗೆ ಮುಗಿಯುತ್ತದೆ. ಇದಕ್ಕೆ ಏಳು ಜನರ ಸಮಿತಿ. ಅದರಲ್ಲಿ ನಾಲ್ಕು ಜನ ಅಂಗವಿಕಲರೇ. ಏನು ಆಡಬೇಕು, ಎಲ್ಲಿಗೆ ಹೋಗಬೇಕು ಅನ್ನುವುದು ಅವರ ತೀರ್ಮಾನ. ಟೆಂಪೋ ಹೇಳುವುದು, ಕುರ್ಚಿ ಹಾಕುವುದು, ಟೀ ಮಾಡಿಸುವುದು ನಮ್ಮ ಕೆಲಸ. ಈ ಮೂರು ವರ್ಷದಲ್ಲಿ ಕಲಿತದ್ದನ್ನು ಬೇರೆ ಊರಿನ ಸಂಘದವರೂ ಇಲ್ಲಿರುವುದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೊದಲನೆಯದು, ದಾರಿ. ಎಷ್ಟು ಒಳ್ಳೆಯ ಕಾರ್ಯಕ್ರಮವಾದರೂ ಬರಲು ದಾರಿಯಿಲ್ಲದಿದ್ದರೆ ಅದು ಇದ್ದೂ ಇಲ್ಲದ ಹಾಗೆ. ಡೇರಿ ಮುಂದೆ ನಾವು ಇಳಿಜಾರು ಕಟ್ಟಿಸಿದೆವು. ಮೆಟ್ಟಿಲಿನ ಎತ್ತರ 2 ಅಡಿ, ನಾವು ಕಟ್ಟಿಸಿದ ಇಳಿಜಾರು 5 ಅಡಿ ಉದ್ದ. ಗಾಲಿಕುರ್ಚಿ ಅದರ ಮೇಲೆ ಹತ್ತುವುದಿರಲಿ, ಒಂದು ದಿನ ಹಿಂದಕ್ಕೆ ಉರುಳಿ ಕೂತವರ ಮೊಣಕೈ ಒಡೆಯಿತು. ಆಮೇಲೆ ತಿಳಿದವರನ್ನು ಕೇಳಿದೆವು. ಲೆಕ್ಕ ಸುಲಭ. 1 ಅಡಿ ಎತ್ತರಕ್ಕೆ 12 ಅಡಿ ಉದ್ದ ಇರಬೇಕು. ಅಂದರೆ ನಮ್ಮ ಡೇರಿಗೆ 24 ಅಡಿ. ಅಷ್ಟು ಜಾಗ ನೇರಕ್ಕೆ ಸಿಗುವುದಿಲ್ಲ, ನಡುವೆ ಒಂದು ಮಟ್ಟವಾದ ಕಟ್ಟೆ ಕೊಟ್ಟು ತಿರುಗಿಸಬೇಕು. ಪಕ್ಕಕ್ಕೆ ಹಿಡಿಕಂಬಿ ಬೇಕು. ಇದು ಇನ್ನೂ ಆಗಿಲ್ಲ. ಇವತ್ತಿಗೂ ಹಲಗೆ ಹಾಕಿ ಕೆಲಸ ಸಾಗಿಸುತ್ತಿದ್ದೇವೆ. ಶೌಚಾಲಯದ ಬಾಗಿಲು ಅಗಲ ಮಾಡಿಸಿದ್ದೇವೆ. ಅದಾದ ಮೇಲೆ ಬರುವ ಹೆಂಗಸರ ಸಂಖ್ಯೆ ಹೆಚ್ಚಿತು. ಇದರ ಅರ್ಥ ನಿಮಗೇ ಆಗುತ್ತದೆ.

ಎರಡನೆಯದು, ಆಟ. ಅಂಗವಿಕಲರಿಗೆ ಅಂತ ಬೇರೆ ಆಟ ಹುಡುಕಬೇಕಾಗಿಲ್ಲ. ಇರುವ ಆಟವನ್ನೇ ಸ್ವಲ್ಪ ಹೊಂದಿಸಿಕೊಂಡರೆ ಸಾಕು. ಒಂದು ಉದಾಹರಣೆ ನಮ್ಮ ಅಳಗುಳಿಮಣೆ. ಎರಡು ಸಾಲು, ಸಾಲಿಗೆ ಏಳು ಗುಳಿ, ಹುಣಸೆಬೀಜ. ಇದಕ್ಕೆ ಕಣ್ಣೇ ಬೇಡ, ಬೆರಳು ಸಾಕು. ವಯಸ್ಸಾದ ಮೇಲೆ ಪೂರ್ತಿ ದೃಷ್ಟಿ ಹೋದ ಒಬ್ಬ ಅಜ್ಜಿ ನಮ್ಮಲ್ಲಿದ್ದಾರೆ. ಯಾವ ಗುಳಿಯಲ್ಲಿ ಎಷ್ಟು ಬೀಜ ಅಂತ ಬೆರಳಾಡಿಸಿ ಹೇಳುತ್ತಾರೆ. ಹೈಸ್ಕೂಲು ಹುಡುಗಿಯರನ್ನು ಸೋಲಿಸಿ, "ಕಣ್ಣು ಬಿಟ್ಕೊಂಡು ಆಡ್ರೇ" ಅಂತ ಬೈಯುತ್ತಾರೆ. ಚದುರಂಗದಲ್ಲೂ ಅಂಧರಿಗೆ ಬೇರೆ ಮಣೆ ಇದೆ. ಕಪ್ಪು ಮನೆಗಳು ಸ್ವಲ್ಪ ಎತ್ತರ, ಕಾಯಿಗಳ ತಳದಲ್ಲಿ ಮೊಳೆ, ಪ್ರತಿ ಮನೆಗೂ ತೂತು. ಮುಟ್ಟಿ ನೋಡಿದರೂ ಕಾಯಿ ಬೀಳುವುದಿಲ್ಲ. ಅದನ್ನೂ ಒಂದು ತರಿಸಿದ್ದೇವೆ.

ಕಬಡ್ಡಿಯಲ್ಲಿ ಒಂದು ತಕರಾರು ಬಂತು. ನಮ್ಮಲ್ಲಿ ಕಿವಿ ಕೇಳದ, ಮಾತು ಬಾರದ ಒಬ್ಬ ಹುಡುಗ ಇದ್ದಾನೆ. ಮೈಕಟ್ಟು ಹೇಗಿದೆ ಅಂದರೆ ಮೂರು ಜನ ಹಿಡಿದರೂ ಗೆರೆ ಮುಟ್ಟಿಬಿಡುತ್ತಾನೆ. ಆದರೆ ದಾಳಿಗೆ ಹೋದವನು ಉಸಿರು ಬಿಡದೆ "ಕಬಡ್ಡಿ ಕಬಡ್ಡಿ" ಅನ್ನಬೇಕಲ್ಲ? ಎದುರು ತಂಡದವರು ಒಪ್ಪಲಿಲ್ಲ. ಅರ್ಧ ಗಂಟೆ ಜಗಳವಾಯಿತು. ಕೊನೆಗೆ ಮೇಷ್ಟ್ರು ಒಬ್ಬರು ದಾರಿ ತೋರಿಸಿದರು. ಈಗಿನ ಪಂದ್ಯಗಳಲ್ಲಿ ಒಂದು ದಾಳಿಗೆ 30 ಸೆಕೆಂಡು ಅಂತ ನಿಯಮ ಇದೆ. ಗಡಿಯಾರ ಹಿಡಿದು 30 ಸೆಕೆಂಡು ಎಣಿಸಿ, ಶಿಳ್ಳೆಯ ಜೊತೆ ಕೆಂಪು ಟವೆಲ್ಲು ಬೀಸಿ ಅಂದರು. ಸಮಸ್ಯೆ ಅಲ್ಲಿಗೆ ಮುಗಿಯಿತು. ಈಗ ಗಣಪತಿ ಹಬ್ಬದ ಪಂದ್ಯದಲ್ಲಿ ಅವನು ಯಾವ ತಂಡಕ್ಕೆ ಅನ್ನುವುದಕ್ಕೇ ಜಗಳ.

ಮೂರನೆಯದು, ಬೆರೆಯುವುದು. ಅಂಗವಿಕಲರನ್ನೆಲ್ಲ ಒಂದು ಮೂಲೆಯಲ್ಲಿ ಕೂರಿಸಿ "ನೀವು ನೀವೇ ಆಡ್ಕೊಳ್ಳಿ" ಅಂದರೆ ಅದು ಇನ್ನೊಂದು ಜಗಲಿಯಾಯಿತು. ಎಲ್ಲರೂ ಬರಬೇಕು, ಎಲ್ಲರೂ ಆಡಬೇಕು, ಸೋಲಬೇಕು. ಬೇಕೆಂದೇ ಸೋತು ಕೊಡುವುದನ್ನು ನಾವು ನಿಲ್ಲಿಸಿದ್ದೇವೆ. ಅದು ಅವರಿಗೆ ತಕ್ಷಣ ಗೊತ್ತಾಗುತ್ತದೆ, ಅವಮಾನವಾಗುತ್ತದೆ. ಮತ್ತೆ ಹೆಸರಿನ ವಿಚಾರ. ಕುಂಟ, ಕುರುಡ, ಮೂಗ ಅಂತ ಹೆಸರಿಗೆ ಮುಂಚೆ ಸೇರಿಸಿ ಕರೆಯುವುದು ನಮ್ಮ ಬಾಯಿಗೆ ಅಂಟಿಬಿಟ್ಟಿದೆ. ಅಪ್ಪ ಅಮ್ಮ ಇಟ್ಟ ಹೆಸರಿನಲ್ಲಿ ಕರೆಯುವುದಕ್ಕೆ ಯಾವ ಖರ್ಚೂ ಇಲ್ಲ.

ಎಲ್ಲರಿಗೂ ಒಂದೇ ರೀತಿಯೂ ಆಗುವುದಿಲ್ಲ. ಆ ತಾಯಿ ಮಗಳ ವಿಷಯ ಹೇಳಿದೆನಲ್ಲ, ಆ ಹುಡುಗಿಗೆ ಮೈಕ್ ಸದ್ದು, ತಮಟೆ ಸದ್ದು ಆಗುವುದಿಲ್ಲ. ಕಿವಿ ಮುಚ್ಚಿಕೊಂಡು ಕಿರುಚುತ್ತಾಳೆ. ಆದರೆ ಕೋಲಾಟದ ಕೋಲಿನ ಸದ್ದು ಅವಳಿಗೆ ಇಷ್ಟ. ಅದು ನಮಗೆ ಗೊತ್ತಾಗಲು ಐದು ತಿಂಗಳು ಹಿಡಿಯಿತು. ಈಗ ಸ್ತ್ರೀಶಕ್ತಿ ಸಂಘದ ಇಬ್ಬರು ಹೆಂಗಸರು ಅವಳ ಜೊತೆ ಕೂರುತ್ತಾರೆ. ಹೆಣ್ಣುಮಕ್ಕಳ ವಿಷಯದಲ್ಲಿ ತಾಯಂದಿರಿಗೆ ಭಯ ಇರುವುದು ಸಹಜ. ಆದುದರಿಂದ ಕರೆತರುವಾಗಲೂ ಬಿಡುವಾಗಲೂ ಹೆಂಗಸರು ಜೊತೆಯಲ್ಲಿರಬೇಕು ಅನ್ನುವುದು ನಮ್ಮ ಕಟ್ಟುನಿಟ್ಟು. ಆ ಎರಡು ಗಂಟೆ ತಾಯಿ ಭಜನೆಗೆ ಹೋಗುತ್ತಾರೆ. ಕಾರ್ಯಕ್ರಮ ಮಗಳದ್ದಷ್ಟೇ ಅಲ್ಲ, ತಾಯಿಯದ್ದೂ ಹೌದು.

ಇನ್ನು ನಾಟಕದ ವಿಷಯ. ನಮ್ಮ ಹಾಸನ ಜಿಲ್ಲೆಯಲ್ಲಿ ಕುರುಕ್ಷೇತ್ರ ನಾಟಕ ಆಡದ ಊರಿದೆಯೇ? 2024ರಲ್ಲಿ ನಮ್ಮಲ್ಲೂ ಪಾತ್ರ ಹಂಚಿದರು. ಹುಟ್ಟಿನಿಂದ ಕಣ್ಣು ಕಾಣದ ನಮ್ಮ ಊರಿನ ಯುವಕ, ಭಜನೆಯಲ್ಲಿ ಹಾಡುತ್ತಾನಲ್ಲ, ಅವನೂ ಪಾತ್ರದ ದುಡ್ಡು ಹಿಡಿದುಕೊಂಡು ಬಂದ. ಎಲ್ಲರೂ ಒಂದೇ ಬಾಯಿಗೆ "ಧೃತರಾಷ್ಟ್ರ" ಅಂದರು. ಅವನು ನಕ್ಕು ಹೇಳಿದ, "ಕಣ್ಣಿಲ್ಲದೆ ಇರೋದು ನಂಗೆ ದಿನಾ ಇದ್ದದ್ದೇ ಸ್ವಾಮಿ. ಒಂದು ರಾತ್ರಿಗಾದ್ರೂ ಬೇರೆಯವನಾಗ್ತೀನಿ, ವಿದುರನ ಪಾತ್ರ ಕೊಡಿ." ಹಾರ್ಮೋನಿಯಂ ಮೇಷ್ಟ್ರು ಒಪ್ಪಿದರು. ರಂಗದ ಮೇಲೆ ಹಾಸಿದ ಜಮಖಾನೆ ಕೆಳಗೆ ತೆಂಗಿನ ನಾರಿನ ಹಗ್ಗ ಎಳೆದು ಕಟ್ಟಿದೆವು. ಬರಿಗಾಲಿಗೆ ಹಗ್ಗ ಸಿಕ್ಕಿದರೆ ಎಲ್ಲಿ ನಿಲ್ಲಬೇಕು, ಎಲ್ಲಿ ತಿರುಗಬೇಕು ಅಂತ ತಿಳಿಯುತ್ತದೆ. ಆವತ್ತು ರಾತ್ರಿ ಅವನ ಹಾಡಿಗೆ ಎಷ್ಟು ಸಲ ಒನ್ಸ್ ಮೋರ್ ಬಂತು ಅನ್ನುವುದಕ್ಕೆ ನೀವೇ ಸಾಕ್ಷಿ.

ಇದು ನಾವು ಕಂಡುಹಿಡಿದ ಹೊಸ ವಿದ್ಯೆಯಲ್ಲ. ನಮಗಿಂತ ಎಷ್ಟೋ ಮುಂಚೆ ಗದಗಿನಲ್ಲಿ ಇದು ನಡೆದುಹೋಗಿದೆ. ಗದಗ ಅಂದರೆ ಸಹಕಾರಿಗಳಾದ ನಾವು ಕೈಮುಗಿಯಬೇಕಾದ ನೆಲ. 1905ರಲ್ಲಿ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರ ಸಹಕಾರ ಸಂಘ ಕಟ್ಟಿದ್ದು ಅಲ್ಲೇ. ಅದೇ ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು ಅಂಧ ಮಕ್ಕಳನ್ನು ಸೇರಿಸಿಕೊಂಡು ಸಂಗೀತ ಕಲಿಸಿದರು. ಅವರು ಸ್ವತಃ ಅಂಧರು. ನಾಟಕ ಕಂಪನಿ ಕಟ್ಟಿ ಊರೂರು ತಿರುಗಿದರು. ಅವರ ನಂತರ ಪುಟ್ಟರಾಜ ಗವಾಯಿಗಳು ಅದನ್ನು ಬೆಳೆಸಿದರು. ಅವರಿಗೂ ಕಣ್ಣಿರಲಿಲ್ಲ. ಸ್ವತಃ ನಾಟಕ ಬರೆದರು, ನೂರಾರು ಶಿಷ್ಯರನ್ನು ತಯಾರು ಮಾಡಿದರು. 2010ರಲ್ಲಿ ಅವರಿಗೆ ಪದ್ಮಭೂಷಣ ಬಂತು. ಅದೇ ವರ್ಷ ಲಿಂಗೈಕ್ಯರಾದರು. ಸಹಕಾರ ಸಂಘ ಒಂದು ಕಡೆ, ಅಂಧರ ಸಂಗೀತ ನಾಟಕ ಇನ್ನೊಂದು ಕಡೆ, ಎರಡೂ ಒಂದೇ ನೆಲದಲ್ಲಿ ಬೆಳೆದವು. ಇವೆರಡಕ್ಕೂ ಸಂಬಂಧವಿಲ್ಲ ಅನ್ನುವವರು ಇದನ್ನು ನೆನೆಯಬೇಕು.

ಆಟದ ವಿಷಯಕ್ಕೆ ಬಂದರೆ, ನಮ್ಮ ಜಿಲ್ಲೆಯ ಅರಕಲಗೂಡು ತಾಲ್ಲೂಕಿನ ಗಿರೀಶ ನಾಗರಾಜೇಗೌಡರು 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ 1.74 ಮೀಟರ್ ಎತ್ತರ ಜಿಗಿದು ಬೆಳ್ಳಿ ಗೆದ್ದರು. ಅವರ ಎಡಗಾಲಿಗೆ ಹುಟ್ಟಿನಿಂದಲೇ ದೋಷ. ಅದೇ ವರ್ಷ ಬೆಂಗಳೂರಿನಲ್ಲಿ ಅಂಧರ ಟಿ-20 ವಿಶ್ವಕಪ್ ನಡೆಯಿತು. ನಮ್ಮ ಶಿವಮೊಗ್ಗದ ಶೇಖರ್ ನಾಯ್ಕ್ ಅವರ ನಾಯಕತ್ವದಲ್ಲಿ ಭಾರತ ಗೆದ್ದಿತು. 2025ರ ನವೆಂಬರ್‌ನಲ್ಲಿ ಅಂಧ ಹೆಣ್ಣುಮಕ್ಕಳ ಮೊದಲ ಟಿ-20 ವಿಶ್ವಕಪ್ಪನ್ನೂ ಭಾರತವೇ ಗೆದ್ದುಕೊಂಡಿತು. ಆ ಆಟದ ನಿಯಮ ಕೇಳಿದರೆ ನಮ್ಮ ಕಬಡ್ಡಿಯ ಟವೆಲ್ಲು ನೆನಪಾಗುತ್ತದೆ. ಪ್ಲಾಸ್ಟಿಕ್ ಚೆಂಡಿನೊಳಗೆ ಬೇರಿಂಗ್ ಗುಂಡು ಹಾಕಿರುತ್ತಾರೆ, ಉರುಳಿದರೆ ಸದ್ದು ಬರುತ್ತದೆ. ಕೈ ಕೆಳಗೆ ಮಾಡಿ ಎಸೆಯಬೇಕು. ಎಸೆಯುವವನು "ರೆಡಿ?" ಅಂತ ಕೇಳಿ, ಆಡುವವನು "ಎಸ್" ಅಂದ ಮೇಲೆ "ಪ್ಲೇ" ಅಂತ ಕೂಗಿ ಎಸೆಯಬೇಕು. ಹನ್ನೊಂದು ಜನರಲ್ಲಿ ಕನಿಷ್ಠ ನಾಲ್ಕು ಜನ ಪೂರ್ತಿ ದೃಷ್ಟಿಯಿಲ್ಲದವರೇ ಇರಬೇಕು. ಅವರು ಹೊಡೆದ ಒಂದು ರನ್ನಿಗೆ ಎರಡರ ಲೆಕ್ಕ. ಎಷ್ಟು ಯೋಚನೆ ಮಾಡಿ ಮಾಡಿದ್ದಾರೆ ನೋಡಿ.

ಆದರೆ ಒಂದು ಮಾತು. ಎಲ್ಲರೂ ಪದಕ ಗೆಲ್ಲಬೇಕು ಅಂತಿಲ್ಲ. ನಮ್ಮ ನಿಮ್ಮ ಮಕ್ಕಳೆಲ್ಲ ಒಲಿಂಪಿಕ್ಸಿಗೆ ಹೋಗುತ್ತಾರೆಯೇ? ಆದರೂ ಶಾಲೆ ಬಿಟ್ಟ ಮೇಲೆ ಬಯಲಿಗೆ ಓಡುವುದಿಲ್ಲವೇ? ಹಾಗೆಯೇ ಅಣ್ಣನಂಥವರಿಗೆ ಬೇಕಾದದ್ದು ಪದಕವಲ್ಲ, ಊರಿನ ಜೊತೆ ಸೇರುವ ಒಂದು ಮಧ್ಯಾಹ್ನ.

ಈಗ ಮುಂದಿನ ಸಾಲಿನಲ್ಲಿ ಕೂತಿರುವ ನಮ್ಮ ಮಿತ್ರರ ಪ್ರಶ್ನೆಗೆ ಬರುತ್ತೇನೆ. ಹಾಲಿನ ದುಡ್ಡಿನಲ್ಲಿ ಆಟ ಯಾಕೆ? ನನ್ನ ಉತ್ತರ ಮೂರು.

ಒಂದು, ಇದು ದಾನವಲ್ಲ, ಹಕ್ಕು. ಅಂಗವಿಕಲರ ಹಕ್ಕುಗಳ ಬಗ್ಗೆ ವಿಶ್ವಸಂಸ್ಥೆ 2006ರಲ್ಲಿ ಮಾಡಿದ ಒಡಂಬಡಿಕೆಯ 30ನೇ ಪರಿಚ್ಛೇದ ಸಾಂಸ್ಕೃತಿಕ ಜೀವನ, ಮನರಂಜನೆ, ಆಟೋಟದಲ್ಲಿ ಅವರಿಗೂ ಸಮಪಾಲು ಅನ್ನುತ್ತದೆ. ನಮ್ಮ ದೇಶ ಅದನ್ನು 2007ರಲ್ಲಿ ಒಪ್ಪಿದೆ. ನಮ್ಮದೇ 2016ರ ಕಾಯಿದೆಯ 29ನೇ ಕಲಂ ಸಂಸ್ಕೃತಿ ಮತ್ತು ಮನರಂಜನೆಗೆ, 30ನೇ ಕಲಂ ಕ್ರೀಡೆಗೆ ಮೀಸಲು.

ಎರಡು, ಹಣ ಎಲ್ಲವೂ ನಮ್ಮದೇ ಆಗಬೇಕಿಲ್ಲ. ಗ್ರಾಮ ಪಂಚಾಯಿತಿ ತನ್ನ ಸ್ವಂತ ವರಮಾನದಲ್ಲಿ ಶೇ. 5 ಭಾಗವನ್ನು ಅಂಗವಿಕಲರಿಗಾಗಿ ಖರ್ಚು ಮಾಡಬೇಕು. ಅವರಿಗಾಗಿ ವಿಶೇಷ ಗ್ರಾಮಸಭೆಯೂ ನಡೆಯುತ್ತದೆ. ಆ ಸಭೆಗೆ ಹೋಗಿ "ಇಳಿಜಾರು ಬೇಕು, ಆಟದ ಸಾಮಾನು ಬೇಕು" ಅಂತ ಕೇಳಿದರೆ ತಾನೇ ಕೊಡುವುದು? ನಮ್ಮ ತಿಂಗಳ ಖರ್ಚು ಟೆಂಪೋ ಬಾಡಿಗೆ, ಟೀ ಬಿಸ್ಕತ್ತು ಇಷ್ಟೇ. ಒಂದು ಹಸುವಿನ ಒಂದು ಬಟವಾಡೆಗಿಂತ ಹೆಚ್ಚಾಗಿಲ್ಲ.

ಮೂರನೆಯದು ನನಗೆ ಮುಖ್ಯ. ನಮ್ಮ ಡೇರಿಯಲ್ಲಿ ಒಂದು ಲೀಟರ್ ಹಾಕುವ ಅಜ್ಜಿಯೂ ನಲವತ್ತು ಲೀಟರ್ ಹಾಕುವ ಗೌಡರೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಇಬ್ಬರಿಗೂ ಫ್ಯಾಟ್ ನೋಡುವ ಯಂತ್ರ ಒಂದೇ, ಮಹಾಸಭೆಯಲ್ಲಿ ಓಟೂ ಒಂದೇ. ಇಪ್ಪತ್ತೈದು ವರ್ಷದಿಂದ ಸಹಕಾರ ಅಂತ ನಾವು ಹೇಳುತ್ತಾ ಬಂದದ್ದು ಇದನ್ನೇ. ಹಾಲಿನ ಸಾಲಿನಲ್ಲಿ ಸಮಾನ, ಜಾತ್ರೆಯ ಸಾಲಿನಲ್ಲಿ ಮಾತ್ರ ನೀನು ಮನೆ ಕಾಯಿ ಅಂದರೆ ಅದು ಯಾವ ಸಹಕಾರ?

ಆದುದರಿಂದ ಬರುವ ಸರ್ವಸದಸ್ಯರ ಮಹಾಸಭೆಯ ಮುಂದೆ ನಾಲ್ಕು ಬೇಡಿಕೆ ಇಡುತ್ತಿದ್ದೇನೆ. ಡೇರಿಯ ಇಳಿಜಾರನ್ನು 24 ಅಡಿಗೆ ಸರಿಯಾಗಿ ಕಟ್ಟಿಸಬೇಕು. ಸಂಘದ ಧರ್ಮನಿಧಿಯಲ್ಲಿ ಈ ಕಾರ್ಯಕ್ರಮಕ್ಕೆ ಪ್ರತಿವರ್ಷ ಒಂದು ಪಾಲು ನಿಗದಿಯಾಗಬೇಕು. ನಿರ್ದೇಶಕರು ಬದಲಾದರೂ ಅದು ನಿಲ್ಲಬಾರದು. ಜಾತ್ರೆ, ಗಣಪತಿ ಹಬ್ಬ, ನಾಟಕ ಯಾವುದೇ ಇರಲಿ, ಸಂಘ ಒಂದು ರೂಪಾಯಿ ವಂತಿಗೆ ಕೊಟ್ಟರೂ ಅಲ್ಲಿ ಅಂಗವಿಕಲರು ಕೂರಲು ಜಾಗ, ಬರಲು ದಾರಿ ಇರಬೇಕು ಅನ್ನುವ ಷರತ್ತು ಹಾಕಬೇಕು. ಕೊನೆಯದಾಗಿ, ತೀರ್ಮಾನ ಮಾಡುವ ಸಮಿತಿಯಲ್ಲಿ ಅವರೇ ಹೆಚ್ಚು ಜನ ಇರಬೇಕು. ಒಪ್ಪುವುದು ಬಿಡುವುದು ತಮಗೆ ಸೇರಿದ್ದು. ಆದರೆ ಓಟು ಹಾಕುವ ಮುಂಚೆ ನಿಮ್ಮ ನಿಮ್ಮ ಮನೆಯಲ್ಲಿ ಯಾರು ಮನೆ ಕಾಯುತ್ತಿದ್ದಾರೆ ಅಂತ ಒಂದು ಸಲ ನೋಡಿ ಬನ್ನಿ.

ಇನ್ನೊಂದು ಮಾತು ಹೇಳಿ ಮುಗಿಸುತ್ತೇನೆ. ಕಳೆದ ಜಾತ್ರೆಯಲ್ಲಿ ರಥಬೀದಿಯ ತಿರುವಿನಲ್ಲಿ ಒಬ್ಬರ ಜಗಲಿಯನ್ನು ಕೇಳಿ ಪಡೆದು, ಹಗ್ಗ ಕಟ್ಟಿ ಜಾಗ ಮಾಡಿದ್ದೆವು. ಅಣ್ಣ ಅಲ್ಲಿ ಕೂತು ತೇರಿಗೆ ಬಾಳೆಹಣ್ಣು ಎಸೆದ. ಮನೆ ಕಾಯಲು ಒಬ್ಬರು ಬೇಕಿತ್ತು. ನಾನು ಉಳಿದುಕೊಂಡೆ. ದೂರದಿಂದ ತಮಟೆ ಸದ್ದು, ಜನರ ಕೂಗು ಕೇಳುತ್ತಿತ್ತು. ತೇರು ಈಗ ಎಲ್ಲಿಗೆ ಬಂತು, ಮರದ ಹತ್ತಿರ ತಿರುಗಿತೋ ಇಲ್ಲವೋ ಅಂತ ಜಗಲಿ ಮೇಲೆ ಕೂತು ಅಂದಾಜು ಮಾಡುತ್ತಿದ್ದೆ. ಎರಡು ಗಂಟೆ ಕಳೆಯುವುದು ಕಷ್ಟವಾಯಿತು. ಸಂಜೆ ಅಣ್ಣ ಬಂದ. ಮಡಿಲಿನಿಂದ ಒಂದು ಪೊಟ್ಟಣ ತೆಗೆದು ನನ್ನ ಕೈಗೆ ಕೊಟ್ಟು, "ತಕೊಳ್ಳಲಾ, ಕಡ್ಲೆಪುರಿ" ಅಂದ.

ನಲವತ್ತು ವರ್ಷ ಅವನು ತಿಂದ ಆ ಕಡ್ಲೆಪುರಿಯ ರುಚಿ ಎಂಥದ್ದು ಅಂತ ನನಗೆ ಆವತ್ತು ಗೊತ್ತಾಯಿತು.

 

ಜೈ ಸಹಕಾರ. ಜೈ ಕರ್ನಾಟಕ.